ಸೈಟ್ ತಿರುಗಿಸುವ ಮುನ್ನ ಗ್ರೂಪ್ ನೋಡಿ

ಮೈಸೂರಾಗಲಿ ಮಂಡ್ಯವಾಗಲಿ, ಏರ್ ಪಿಸ್ತೂಲ್ ಕಲಿಯುವ ಜಾಗದಲ್ಲಿ ಅರ್ಧ ಗಂಟೆ ಕೂತರೆ ಈ ಮಾತು ಕಿವಿಗೆ ಬೀಳದೇ ಇರದು. “ಸರ್, ಎಲ್ಲಾ ಬಲಕ್ಕೇ ಹೋಗ್ತಿದೆ. ಸೈಟ್ ಔಟ್ ಆಗಿರ್ಬೇಕು.” ಸೈಟ್ ಅಂದರೆ ಪಿಸ್ತೂಲಿನ ಮೇಲೆ ಗುರಿ ಹಿಡಿಯಲು ಇರುವ ಗುರುತು. ಈ ಮಾತಿಗೆ ಕೋಚ್ ಕೇಳುವುದೂ ಹೆಚ್ಚುಕಡಿಮೆ ಒಂದೇ: “ಎಷ್ಟು ಹೊಡ್ದೆ? ಮೂರಾ? ಇನ್ನೂ ಏಳು ಹೊಡಿ, ಆಮೇಲೆ ನೋಡೋಣ ಕಣಪ್ಪ.” ಕಲಿಯುವ ಹುಡುಗನಿಗೆ ಇದು ಹೊತ್ತು ತಳ್ಳುವ ಉತ್ತರದಂತೆ ಕಾಣುತ್ತದೆ. ಆದರೆ ಆ ಏಳು ಶಾಟ್‌ಗಳ ಹಿಂದೆ ಗಟ್ಟಿ ಲೆಕ್ಕವಿದೆ. ಸೈಟಿನ ಸ್ಕ್ರೂ ಸರಿಸುವುದು ಗ್ರೂಪಿನ, ಅಂದರೆ ಹೊಡೆದ ಶಾಟ್‌ಗಳ ತೂತುಗಳ ಗುಂಪಿನ, ನಡುವನ್ನು. ಒಂದು ಶಾಟ್ ಯಾಕೆ ಹೊರಗೆ ಹೋಯಿತು ಅನ್ನುವುದು ಸ್ಕ್ರೂಗೆ ಗೊತ್ತಿಲ್ಲ. ಇವೆರಡನ್ನೂ ಬೇರೆ ಮಾಡಿ ನೋಡುವುದೇ ಸೈಟ್ ಹೊಂದಿಸುವ ಕೆಲಸದ ಮುಕ್ಕಾಲು ಪಾಲು ಅಂತ ನನ್ನ ನಂಬಿಕೆ.

ಮೊದಲು ಗುರಿ ಹಾಳೆಯ ಅಳತೆ. 10 ಮೀಟರ್ ಪಿಸ್ತೂಲ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ., ಏಳರವರೆಗಿನ ಕಪ್ಪು ಭಾಗದ ವ್ಯಾಸ 59.5 ಮಿ.ಮೀ. ಒಂದು ಗೆರೆಯಿಂದ ಮುಂದಿನ ಗೆರೆಗೆ 8 ಮಿ.ಮೀ. ಪೆಲೆಟ್ (ಏರ್ ಪಿಸ್ತೂಲಿನ ಗುಂಡು) 4.5 ಮಿ.ಮೀ. ದಪ್ಪ, ಅದರ ಅಂಚು ಗೆರೆಗೆ ತಾಗಿದರೂ ಒಳಗಿನ ಅಂಕವೇ ಸಿಗುತ್ತದೆ. ಹಾಗಾಗಿ ಪೆಲೆಟ್ಟಿನ ನಡು ಟಾರ್ಗೆಟ್ಟಿನ ನಡುವಿನಿಂದ 8 ಮಿ.ಮೀ. ಒಳಗಿದ್ದರೆ ಹತ್ತು, 16 ಮಿ.ಮೀ. ಒಳಗಿದ್ದರೆ ಒಂಬತ್ತು. ಎಲ್ಲವನ್ನೂ ಎಂಟರ ಲೆಕ್ಕದಲ್ಲಿ ನೋಡುವುದು ರೂಢಿಯಾದರೆ ಮುಂದಿನದೆಲ್ಲ ಸುಲಭ.

ಇನ್ನು ಪಿಸ್ತೂಲಿನ ಕಡೆ. ನಳಿಗೆ ತುದಿಯ ಫ್ರಂಟ್ ಸೈಟಿಗೂ (ನೆಟ್ಟಗೆ ನಿಂತ ಬ್ಲೇಡ್) ಕಣ್ಣಿನ ಕಡೆಯ ರಿಯರ್ ಸೈಟಿಗೂ (ಕಚ್ಚಿರುವ ತಗಡು) ನಡುವೆ ಸುಮಾರು 35 ಸೆಂ.ಮೀ. ಇದೆ ಅಂದುಕೊಳ್ಳಿ. ರಿಯರ್ ಸೈಟಿನ ಕಚ್ಚಿನೊಳಗೆ ಫ್ರಂಟ್ ಸೈಟ್ 1 ಮಿ.ಮೀ. ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 28.5 ಮಿ.ಮೀ. ಆಚೆ ಬೀಳುತ್ತದೆ. ಅಂದರೆ ಒಂದು ಅಂಕ ಕಳೆದುಕೊಳ್ಳಲು 0.28 ಮಿ.ಮೀ. ಸಾಕು, ಹೆಚ್ಚುಕಡಿಮೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ಅದೇ ಸೈಟುಗಳೆರಡೂ ನೇರವಾಗಿದ್ದು, ಇಡೀ ಕೈ 8 ಮಿ.ಮೀ. ಪಕ್ಕಕ್ಕೆ ಹೋದರೂ ಹೋಗುವುದು ಅದೇ ಒಂದು ಅಂಕ. ಕೈ ಅಲುಗುವುದು ಕಣ್ಣಿಗೆ ಕಾಣುತ್ತದೆ, ಹೆದರಿಸುತ್ತದೆ. ಸೈಟ್ ಕೂದಲೆಳೆಯಷ್ಟು ಓರೆಯಾಗಿದ್ದು ಕಾಣುವುದಿಲ್ಲ, ಆದರೆ ಅಂಕ ತಿನ್ನುವುದು ಅದೇ. ಫ್ರಂಟ್ ಸೈಟ್ ಚೂಪಾಗಿ ಕಾಣಲಿ, ಟಾರ್ಗೆಟ್ ಮಸುಕಾಗಿದ್ದರೂ ಪರವಾಗಿಲ್ಲ ಅಂತ ಕೋಚ್‌ಗಳು ಬಾಯಿ ನೋಯುವಷ್ಟು ಹೇಳುವುದು ಇದಕ್ಕೇ.

ಎಲ್ಲಿಗೆ ಗುರಿ ಹಿಡಿಯುವುದು ಅನ್ನುವುದು ತೀರ್ಮಾನವಾಗದೆ ಸೈಟಿಗೆ ಕೈ ಹಾಕಬೇಡಿ. ಕಪ್ಪಿನ ನಡುವಿಗೇ ಹಿಡಿದರೆ ಕಪ್ಪು ಸೈಟ್ ಟಾರ್ಗೆಟ್ಟಿನ ಕಪ್ಪಿನೊಳಗೆ ಕರಗಿಹೋಗುತ್ತದೆ. ಕಪ್ಪಿನ ತಳ ಅಂಚಿಗೆ ತಾಗಿಸಿ ಹಿಡಿದರೆ ಆ ಅಂಚಿಗೆ ಮುಟ್ಟಿತೋ ಇಲ್ಲವೋ ಎಂದು ಕಣ್ಣು ಅಲ್ಲಿಗೇ ಓಡುತ್ತದೆ, ಫ್ರಂಟ್ ಸೈಟ್ ಕೈಬಿಡುತ್ತದೆ. ಆದ್ದರಿಂದ ಹೆಚ್ಚಿನವರು ಕಪ್ಪಿನ ಕೆಳಗೆ ಒಂದು ಪಟ್ಟಿಯಷ್ಟು ಬಿಳಿ ಬಿಟ್ಟು, ಬಿಳಿಯ ಮೇಲೆ ಹಿಡಿಯುತ್ತಾರೆ. ಆ ಪಟ್ಟಿ ಕಪ್ಪಿನ ಮೂರನೇ ಒಂದು ಭಾಗದಷ್ಟು, ಅಂದರೆ 20 ಮಿ.ಮೀ. ಇದ್ದರೆ, ಗುಂಡು ನೀವು ಹಿಡಿದ ಜಾಗಕ್ಕಿಂತ 50 ಮಿ.ಮೀ. ಮೇಲೆ ಬೀಳುವ ಹಾಗೆ ಸೈಟ್ ಹೊಂದಿಸಬೇಕು. ಬಿಳಿ ಪಟ್ಟಿ ಪ್ರತಿ ಸಲ ಮಿಲಿಮೀಟರ್ ಲೆಕ್ಕದಲ್ಲಿ ಒಂದೇ ಇರಬೇಕು ಅನ್ನುವ ಹಟ ಬೇಡ. ಅದೊಂದು ಪ್ರದೇಶ, ಚುಕ್ಕೆಯಲ್ಲ. ಆದರೆ ಈ ವಾರ ಒಂದು ಹಿಡಿತ, ಮುಂದಿನ ವಾರ ಇನ್ನೊಂದು ಅಂತ ಬದಲಿಸುತ್ತಿದ್ದರೆ ಸ್ಕ್ರೂಗೆ ವಿಶ್ರಾಂತಿಯೇ ಇರುವುದಿಲ್ಲ.

ಗ್ರಿಪ್ ಕೂಡ ಸೈಟಿಗಿಂತ ಮೊದಲಿನ ಕೆಲಸ. ಪಿಸ್ತೂಲ್ ಕೈಗೆ ಕೂರಿಸಿಕೊಂಡು, ಕಣ್ಣು ಮುಚ್ಚಿ, ತೋಳು ಎತ್ತಿ, ನಿಲ್ಲಿಸಿ, ಕಣ್ಣು ತೆರೆಯಿರಿ. ಫ್ರಂಟ್ ಸೈಟ್ ತಾನಾಗಿಯೇ ಕಚ್ಚಿನ ನಡುವೆ ಇರಬೇಕು. ಪ್ರತಿ ಸಲವೂ ಎಡಕ್ಕೋ ಬಲಕ್ಕೋ ಒರಗಿದ್ದರೆ ಮಣಿಕಟ್ಟು ತಿರುಚಿ ಸರಿಮಾಡಿಕೊಳ್ಳುತ್ತೀರಿ, ಮೂವತ್ತನೇ ಶಾಟಿನ ಹೊತ್ತಿಗೆ ಮಣಿಕಟ್ಟು ಸೋತು ಗ್ರೂಪ್ ನಿಧಾನವಾಗಿ ಒಂದು ಕಡೆಗೆ ಜಾರುತ್ತದೆ. ಇದಕ್ಕೆ ಮದ್ದು ಗ್ರಿಪ್ಪಿನ ಕೋನ ಬದಲಿಸುವುದು, ಅಂಗೈ ಒತ್ತುವ ಜಾಗದಲ್ಲಿ ಮರ ಕೆರೆಯುವುದು ಅಥವಾ ಪುಟ್ಟಿ ತುಂಬುವುದು. ಗ್ರಿಪ್ ಮುಟ್ಟಿದ ದಿನ ಹಳೆಯ ಝೀರೋ, ಅಂದರೆ ಗ್ರೂಪ್ ನಡುವಿಗೆ ಬೀಳುವಂತೆ ಮಾಡಿದ ಸೈಟ್ ಹೊಂದಾಣಿಕೆ, ಲೆಕ್ಕಕ್ಕಿಲ್ಲ. ಮೊದಲಿನಿಂದ ಶುರು ಮಾಡಿ.

ಫ್ರಂಟ್ ಸೈಟಿನ ಅಗಲದ ಬಗ್ಗೆ ಕೇಳುವವರು ಕಡಿಮೆ, ಆದರೆ ಫಲ ಕೊಡುವ ಹೊಂದಾಣಿಕೆ ಅದು. ಕಣ್ಣಿನಿಂದ ಫ್ರಂಟ್ ಸೈಟಿಗೆ ಸುಮಾರು 1 ಮೀಟರ್. 10 ಮೀಟರ್ ದೂರದ 59.5 ಮಿ.ಮೀ. ಕಪ್ಪು, 1 ಮೀಟರ್‌ನಲ್ಲಿ 6 ಮಿ.ಮೀ.ನಷ್ಟು ಅಗಲ ಕಾಣುತ್ತದೆ. ಹಾಗಾಗಿ 4.5 ಮಿ.ಮೀ. ಬ್ಲೇಡ್ ಕಪ್ಪಿನ ಮುಕ್ಕಾಲು ಭಾಗದಷ್ಟು ಕಾಣುತ್ತದೆ, 5 ಮಿ.ಮೀ. ಬ್ಲೇಡ್ ಇನ್ನೂ ಹತ್ತಿರ. ಹೊಸಬರಿಗೆ ಈ ಎರಡರಲ್ಲಿ ಒಂದು ಸಾಕು. ಆಮೇಲೆ ಕಚ್ಚಿನ ಅಗಲ. ಬ್ಲೇಡಿನ ಎರಡೂ ಬದಿಗೆ ಬೀಳುವ ಬೆಳಕಿನ ಸೀಳು, ಬ್ಲೇಡ್ ಕಾಣುವ ಅಗಲದ ಮೂರನೇ ಒಂದರಿಂದ ಅರ್ಧದೊಳಗೆ ಇದ್ದರೆ ಕಣ್ಣಿಗೆ ಹಿತ. ಕಚ್ಚು ತೀರಾ ಕಿರಿದಾದರೆ ಸೀಳುಗಳು ಸಮವಾಗಿವೆಯೇ ಎಂದು ಕಣ್ಣು ಹುಡುಕುತ್ತಲೇ ಇರುತ್ತದೆ, ಎಂಟು ಸೆಕೆಂಡಿನಲ್ಲಿ ಬಿಡಬೇಕಾದ ಶಾಟ್ ಹದಿನೈದಕ್ಕೆ ಹೋಗುತ್ತದೆ. ತೀರಾ ಅಗಲವಾದರೆ ಬ್ಲೇಡ್ ಪಕ್ಕಕ್ಕೆ ಸರಿದದ್ದು ತಿಳಿಯುವುದಿಲ್ಲ, ಗ್ರೂಪ್ ಅಡ್ಡಕ್ಕೆ ಹರಡುತ್ತದೆ. ಸಂಜೆ ಸುಸ್ತಾದಾಗಲೂ, ಬೆಳಕು ಕಡಿಮೆಯಾದಾಗಲೂ ಸ್ವಲ್ಪ ಅಗಲವೇ ಒಳ್ಳೆಯದು.

ಈಗ ಕ್ಲಿಕ್, ಅಂದರೆ ಸೈಟಿನ ಸ್ಕ್ರೂ ತಿರುಗಿಸುವಾಗ ಟಿಕ್ ಎನ್ನುವ ಒಂದೊಂದು ಹೆಜ್ಜೆ. ಒಂದು ಕ್ಲಿಕ್ಕಿಗೆ ಗುಂಡು ಎಷ್ಟು ಸರಿಯುತ್ತದೆ ಅನ್ನುವುದು ಪಿಸ್ತೂಲಿನಿಂದ ಪಿಸ್ತೂಲಿಗೆ ಬೇರೆ. ಪಕ್ಕದವರನ್ನು ಕೇಳುವ ಬದಲು ಅಳೆದುಬಿಡಿ. ಮೇಜಿನ ಮೇಲೆ ಮಡಚಿದ ಟವೆಲ್ ಇಟ್ಟು, ಎರಡೂ ಕೈಯಲ್ಲಿ ಪಿಸ್ತೂಲ್ ಊರಿ ಐದು ಶಾಟ್ ಹೊಡೆಯಿರಿ. ಪಕ್ಕದ ಸ್ಕ್ರೂ ಹತ್ತು ಕ್ಲಿಕ್ ತಿರುಗಿಸಿ, ಅದೇ ಜಾಗಕ್ಕೆ ಗುರಿ ಹಿಡಿದು ಮತ್ತೆ ಐದು. ಎರಡು ಗ್ರೂಪುಗಳ ನಡುವಿನ ದೂರ ಅಳೆದು ಹತ್ತರಿಂದ ಭಾಗಿಸಿ. 20 ಮಿ.ಮೀ. ಬಂದರೆ ಕ್ಲಿಕ್ಕಿಗೆ 2 ಮಿ.ಮೀ., ನಾಲ್ಕು ಕ್ಲಿಕ್ಕಿಗೆ ಒಂದು ಅಂಕ. ಎತ್ತರದ ಸ್ಕ್ರೂಗೂ ಹೀಗೇ. ಊರಿ ಹೊಡೆಯುವುದು ಕ್ಲಿಕ್ ಅಳೆಯಲಿಕ್ಕೆ ಮಾತ್ರ. ಝೀರೋ ಮಾಡುವುದು ನಿಂತು, ಒಂದೇ ಕೈಯಲ್ಲಿ, ಮ್ಯಾಚಿನಲ್ಲಿ ಹೇಗೋ ಹಾಗೆ. ಊರಿದಾಗ ಪಿಸ್ತೂಲ್ ಹಿಂದಕ್ಕೆ ಒದೆಯುವ ರೀತಿಯೇ ಬೇರೆ, ಗುಂಡು ಬೀಳುವ ಜಾಗವೂ ಬೇರೆ.

ಯಾವ ಕಡೆ ತಿರುಗಿಸಬೇಕು ಅನ್ನುವಲ್ಲಿ ಎಡವುವವರು ಬಹಳ. ನಿಯಮ ಸರಳ: ಗುಂಡು ಯಾವ ಕಡೆ ಹೋಗಬೇಕೋ ರಿಯರ್ ಸೈಟ್ ಆ ಕಡೆ ಸರಿಯಬೇಕು. ಗುಂಡು ಮೇಲೇರಬೇಕಾದರೆ ರಿಯರ್ ಸೈಟ್ ಮೇಲಕ್ಕೆ, ಎಡಕ್ಕೆ ಬರಬೇಕಾದರೆ ಎಡಕ್ಕೆ. ತೊಡಕಿರುವುದು ಸ್ಕ್ರೂ ಮೇಲೆ ಕೆತ್ತಿದ ಗುರುತಿನಲ್ಲಿ. ಜರ್ಮನ್ ಮಾತಾಡುವ ದೇಶಗಳಿಂದ ಬಂದ ಪಿಸ್ತೂಲುಗಳಲ್ಲಿ ಎಚ್ ಅಂದರೆ ಮೇಲೆ, ಟಿ ಅಂದರೆ ಕೆಳಗೆ. ಎಷ್ಟೋ ಪಿಸ್ತೂಲುಗಳಲ್ಲಿ ಆ ಅಕ್ಷರ ಸೂಚಿಸುವುದು ಗುಂಡು ಈಗ ಬೀಳುತ್ತಿರುವ ಕಡೆಯನ್ನು: ಮೇಲೆ ಬೀಳುತ್ತಿದ್ದರೆ ಎಚ್ ಕಡೆಗೆ ತಿರುಗಿಸಿ, ಕೆಳಗೆ ಬರುತ್ತದೆ. ಬೇರೆ ತಯಾರಿಕೆಯಲ್ಲಿ ಬಾಣದ ಗುರುತು ಗುಂಡು ಹೋಗಬೇಕಾದ ಕಡೆಯನ್ನು ತೋರಿಸಬಹುದು. ಹತ್ತು ಕ್ಲಿಕ್ ಅಳೆಯುವಾಗಲೇ ದಿಕ್ಕೂ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ: “ಮೇಲೆ ಬೀಳ್ತಿದ್ರೆ ಗಡಿಯಾರದ ಕಡೆ” ಅನ್ನುವಂತೆ ನಿಮ್ಮದೇ ಮಾತಲ್ಲಿ. ಮ್ಯಾಚಿನ ಗಡಿಬಿಡಿಯಲ್ಲಿ ಬುದ್ಧಿ ಕೈಕೊಡುತ್ತದೆ, ಚೀಟಿ ಕೊಡುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ. ಹಳೆಯ, ಸವೆದ ಸೈಟಿನಲ್ಲಿ ಸ್ಕ್ರೂಗೆ ಸ್ವಲ್ಪ ಸಡಿಲ ಆಟ ಇರುತ್ತದೆ. ಎಡಕ್ಕೆ ಎರಡು ಕ್ಲಿಕ್, ಮತ್ತೆ ಬಲಕ್ಕೆ ಎರಡು ಕ್ಲಿಕ್ ಅಂದರೆ ಮೊದಲಿನ ಜಾಗಕ್ಕೇ ಬಂತು ಅಂತ ಹೇಳಲಾಗದು. ಕೊನೆಯ ತಿರುವು ಯಾವಾಗಲೂ ಒಂದೇ ದಿಕ್ಕಿನಲ್ಲಿ ಇರಲಿ. ಹಿಂದಕ್ಕೆ ಬರಬೇಕಾದರೆ ಎರಡು ಕ್ಲಿಕ್ ಹೆಚ್ಚಿಗೆ ಹೋಗಿ, ವಾಪಸ್ ಆ ದಿಕ್ಕಿನಲ್ಲೇ ಬಂದು ನಿಲ್ಲಿಸಿ.

ಕೋಚ್ ಹೇಳಿದ ಹತ್ತು ಶಾಟಿನ ಲೆಕ್ಕಕ್ಕೆ ಬರೋಣ. 60 ಶಾಟಿನ ಮ್ಯಾಚಿನಲ್ಲಿ 600ಕ್ಕೆ 555ರ ಆಸುಪಾಸು ಹೊಡೆಯುವವರ ಗ್ರೂಪ್ ತೆಗೆದುಕೊಳ್ಳಿ. ಸೈಟ್ ಸರಿಯಾಗಿದ್ದಾಗ ಅವರ ಶಾಟ್‌ಗಳ ಹರವು ಅಡ್ಡಕ್ಕೂ ಉದ್ದಕ್ಕೂ ಸುಮಾರು 8 ಮಿ.ಮೀ. ಮಾನಕ ವಿಚಲನೆಯಷ್ಟಿರುತ್ತದೆ (ಶಾಟ್‌ಗಳು ನಡುವಿನಿಂದ ಸಾಮಾನ್ಯವಾಗಿ ಎಷ್ಟು ಚದುರುತ್ತವೆ ಅನ್ನುವ ಅಳತೆ ಇದು). ಇಂಥವರು ಮೂರು ಶಾಟ್ ಹೊಡೆದು ನಡು ಹುಡುಕಿದರೆ, ಆ ನಡುವೇ 4.6 ಮಿ.ಮೀ.ನಷ್ಟು ಆಚೀಚೆ ಇರುವುದು ಸಹಜ. ಐದಕ್ಕೆ ಅದು 3.6, ಹತ್ತಕ್ಕೆ 2.5 ಮಿ.ಮೀ. ಕ್ಲಿಕ್ಕಿಗೆ 2 ಮಿ.ಮೀ. ಇರುವ ಪಿಸ್ತೂಲಿನಲ್ಲಿ ಮೂರು ಶಾಟ್ ನೋಡಿ ಎರಡು ಕ್ಲಿಕ್ ತಿರುಗಿಸಿದರೆ, ಸರಿಯಾಗಿದ್ದ ಸೈಟನ್ನೇ ಕೆಡಿಸುವ ಸಾಧ್ಯತೆ ಸಾಕಷ್ಟಿದೆ. 510ರ ಮಟ್ಟದವರ ಹರವು 13 ಮಿ.ಮೀ. ಹತ್ತಿರ, ಅವರ ಐದು ಶಾಟಿನ ನಡು 6 ಮಿ.ಮೀ. ಅಲುಗಾಡುತ್ತದೆ. ಅವರು ಹತ್ತಕ್ಕಿಂತ ಕಡಿಮೆ ಶಾಟ್ ನೋಡಿ ಸ್ಕ್ರೂ ಮುಟ್ಟಬಾರದು.

ಹಾಗಂತ ಸೈಟ್ ಸ್ವಲ್ಪ ಆಚೀಚೆ ಇದ್ದರೆ ಎಷ್ಟು ನಷ್ಟ? ಅದೇ 555ರ ಶೂಟರ್ 60 ಶಾಟಿನಲ್ಲಿ ಸರಾಸರಿ 23-24 ಹತ್ತು ಹೊಡೆಯುತ್ತಾರೆ. ಗ್ರೂಪಿನ ನಡು 4 ಮಿ.ಮೀ. ಸರಿದಿದ್ದರೆ 21ಕ್ಕೆ ಇಳಿಯುತ್ತದೆ. 8 ಮಿ.ಮೀ. ಸರಿದಿದ್ದರೆ 16. ಅರ್ಧ ಅಂಕದಷ್ಟು ಸರಿದದ್ದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ, ಒಂದು ಅಂಕದಷ್ಟು ಸರಿದದ್ದನ್ನು ಬಿಡುವ ಹಾಗೂ ಇಲ್ಲ.

ನಡು ಹುಡುಕಲು ಸ್ಕೇಲ್, ಕ್ಯಾಲ್ಕುಲೇಟರ್ ಬೇಡ. ಐದು ಶಾಟಿದ್ದರೆ ಎಡದಿಂದ ಎಣಿಸಿ ಮೂರನೆಯ ತೂತು ಅಡ್ಡದ ನಡು, ಮೇಲಿನಿಂದ ಎಣಿಸಿ ಮೂರನೆಯದು ಎತ್ತರದ ನಡು. ಹತ್ತಿದ್ದರೆ ಐದಕ್ಕೂ ಆರಕ್ಕೂ ಮಧ್ಯೆ. ದೂರ ಹಾರಿದ ಒಂದು ಶಾಟ್ ಈ ಎಣಿಕೆಯನ್ನು ಹೆಚ್ಚು ಎಳೆಯುವುದಿಲ್ಲ, ಅದೇ ಇದರ ಅನುಕೂಲ.

ಆದರೆ ಎಣಿಕೆಗಿಂತ ದೊಡ್ಡ ಸಾಧನ ಒಂದಿದೆ: ಶಾಟ್ ಬಿಟ್ಟ ಕೂಡಲೇ, ಟಾರ್ಗೆಟ್ ಅಥವಾ ಮಾನಿಟರ್ ನೋಡುವ ಮೊದಲೇ, ಎಲ್ಲಿಗೆ ಹೋಗಿರಬೇಕು ಎಂದು ಹೇಳಿಕೊಳ್ಳುವುದು. ಶಾಟ್ ಹೊರಟ ಕ್ಷಣದಲ್ಲಿ ಫ್ರಂಟ್ ಸೈಟ್ ಹೇಗಿತ್ತು ಅನ್ನುವ ಚಿತ್ರ ಕಣ್ಣಲ್ಲಿ ಇನ್ನೂ ಇರುತ್ತದೆ. “ಬಲಕ್ಕೆ ಎಂಟು” ಅಂದುಕೊಂಡಿರಿ, ಬಲಕ್ಕೆ ಎಂಟೇ ಬಿತ್ತು. ಅದು ನಿಮ್ಮ ಶಾಟ್, ಸೈಟ್ ಮುಗ್ಧ. “ಚೆನ್ನಾಗಿತ್ತು, ಹತ್ತು” ಅಂದುಕೊಂಡದ್ದು ಬಲಕ್ಕೆ ಎಂಟು ಬಿತ್ತು, ಮತ್ತೊಂದೂ ಹಾಗೇ, ಇನ್ನೊಂದೂ ಹಾಗೇ. ಆಗ ಸ್ಕ್ರೂ ಕಡೆ ನೋಡಿ. ಹೇಳಿಕೊಂಡದ್ದಕ್ಕೂ ಬಿದ್ದದ್ದಕ್ಕೂ ನಡುವಿನ ಅಂತರ ಒಂದೇ ದಿಕ್ಕಿನಲ್ಲಿ ನಿಂತರೆ ಮಾತ್ರ ಸೈಟ್ ತಪ್ಪು.

ಗ್ರೂಪಿನ ಆಕಾರವೂ ಮಾತಾಡುತ್ತದೆ. ದುಂಡಗೆ, ಒತ್ತಾಗಿ, ನಡುವಿನಿಂದ ದೂರ ಕೂತ ಗ್ರೂಪ್ ಅಂದರೆ ಸೈಟ್. ನಾಲ್ಕು ನಡುವಿನಲ್ಲಿ, ಎರಡು ಎಡಗೆಳಗೆ ಅಂದರೆ ಬಲಗೈ ಶೂಟರ್ ಟ್ರಿಗರ್ ಎಳೆದುಬಿಟ್ಟಿದ್ದಾರೆ. ಮೇಲಿಂದ ಕೆಳಕ್ಕೆ ಉದ್ದವಾಗಿದ್ದರೆ ಮಣಿಕಟ್ಟು ಸಡಿಲ, ಇಲ್ಲವೇ ಉಸಿರು ನಿಲ್ಲಿಸುವ ಜಾಗ ಪ್ರತಿ ಸಲ ಬೇರೆ. ಅಡ್ಡಕ್ಕೆ ಹರಡಿದ್ದರೆ ನಿಲುವು ನೋಡಿ, ಪಾದ ಸರಿಸಿ. ಎಡಗೆಳಗಿನ ಎರಡು ಶಾಟಿಗೆ ಹೆದರಿ ಸೈಟನ್ನು ಬಲಮೇಲಕ್ಕೆ ತಿರುಗಿಸಿದರೆ ಆಗುವುದಿಷ್ಟೇ: ಚೆನ್ನಾಗಿ ಬಿಟ್ಟ ಶಾಟ್‌ಗಳು ಬಲಮೇಲಿನ ಒಂಬತ್ತಕ್ಕೆ ಹೋಗುತ್ತವೆ, ಎಳೆದುಬಿಟ್ಟವು ಹತ್ತಕ್ಕೆ ಬೀಳುತ್ತವೆ. ಕೈ ತಪ್ಪನ್ನೇ ಕಲಿಯುತ್ತದೆ. ಇದು ನಿಜಕ್ಕೂ ಕೆಟ್ಟ ಪಾಠ.

ಪಿಸ್ತೂಲ್ ಓರೆಯಾಗುವುದು ಇನ್ನೊಂದು ಕಳ್ಳ. ಸೆಕೆಂಡಿಗೆ 150 ಮೀಟರ್ ವೇಗದ ಪೆಲೆಟ್ 10 ಮೀಟರ್ ಸಾಗುವಷ್ಟರಲ್ಲಿ ಸುಮಾರು 22 ಮಿ.ಮೀ. ಕೆಳಕ್ಕೆ ಇಳಿದಿರುತ್ತದೆ. ಅದಕ್ಕೆ ಬಿಳಿಯ ಮೇಲಿನ ಹಿಡಿತದ 50 ಮಿ.ಮೀ. ಸೇರಿಸಿ: ಪಿಸ್ತೂಲ್ ಟಾರ್ಗೆಟ್ಟಿನಲ್ಲಿ ನೀವು ಹಿಡಿದ ಜಾಗಕ್ಕಿಂತ 72 ಮಿ.ಮೀ. ಮೇಲಕ್ಕೆ ಎಸೆಯುತ್ತಿದೆ. ಕೈ 5 ಡಿಗ್ರಿ ಬಲಕ್ಕೆ ವಾಲಿದರೆ ಆ 72 ಮಿ.ಮೀ. ಕೂಡ ವಾಲುತ್ತದೆ, ಗುಂಡು 6 ಮಿ.ಮೀ. ಬಲಕ್ಕೆ ಹೋಗುತ್ತದೆ. ಸೈಟುಗಳು ಒಂದಕ್ಕೊಂದು ನೇರವಾಗಿಯೇ ಕಾಣುತ್ತಿರುತ್ತವೆ! ದಿನದ ಮೊದಲ ಹತ್ತು ಶಾಟಿನ ಸಾಲಿನಲ್ಲಿ ನಡುವಿಗೆ, ಕೊನೆಯ ಸಾಲಿನಲ್ಲಿ ಬಲಕ್ಕೆ ಅನ್ನುವವರು ಸ್ಕ್ರೂಗಿಂತ ಮೊದಲು ರಿಯರ್ ಸೈಟಿನ ಮೇಲಂಚು ನೆಲಕ್ಕೆ ಸಮವಾಗಿದೆಯೇ ಎಂದು ಯಾರಿಂದಲಾದರೂ ನೋಡಿಸಿಕೊಳ್ಳಬೇಕು.

ನಮ್ಮ ಕಡೆಯ ಬೆಳಕಿನ ಬಗ್ಗೆ ಒಂದು ಮಾತು. ಮ್ಯಾಚ್ ರೇಂಜುಗಳಲ್ಲಿ ಟಾರ್ಗೆಟ್ ಮೇಲೆ ಕನಿಷ್ಠ 1500 ಲಕ್ಸ್ ಬೆಳಕು ಇರಬೇಕೆಂಬ ನಿಯಮ ಇದೆ. ಅಭ್ಯಾಸ ಮಾಡುವ ಶೀಟಿನ ಶೆಡ್, ಮನೆ ಮಹಡಿ, ಶಾಲೆಯ ಹಾಲಿನಲ್ಲಿ ಹಾಗಿರುವುದಿಲ್ಲ. ಇಳಿಹೊತ್ತಿನ ಬಿಸಿಲು ಪಡುವಣ ಕಿಟಕಿಯಿಂದ ಓರೆಯಾಗಿ ಬಂದು ಫ್ರಂಟ್ ಸೈಟಿನ ಒಂದು ಬದಿಗೆ ಹೊಡೆಯುತ್ತದೆ. ಬಲಬದಿ ಹೊಳೆದರೆ ಆ ಅಂಚು ಬಿಳಿಯಲ್ಲಿ ಕರಗುತ್ತದೆ, ಉಳಿದ ಕಪ್ಪನ್ನೇ ಕಣ್ಣು ಪೂರ್ತಿ ಬ್ಲೇಡ್ ಅಂದುಕೊಂಡು ನಡುವಿಗೆ ತರುತ್ತದೆ, ನಿಜವಾದ ಬ್ಲೇಡ್ ಬಲಕ್ಕೆ ಸರಿದಿರುತ್ತದೆ. ಗುಂಡು ಬೆಳಕಿನ ಕಡೆಗೆ ಹೋಗುತ್ತದೆ. ಕ್ಲಿಕ್ ಮಾಡಿದರೆ ಮಾರನೇ ಬೆಳಗ್ಗೆ ಉಲ್ಟಾ. ಸವೆದು ಹೊಳಪು ಬಂದ ಬ್ಲೇಡಿಗೆ ಮಸಿ ಹಿಡಿಸುವುದೇ ಸರಿಯಾದ ಮದ್ದು, ಅದಕ್ಕೆ ದೇವರಾಜ ಮಾರುಕಟ್ಟೆಯಲ್ಲಿ ಸಿಗುವ ಮಾಮೂಲಿ ಕರ್ಪೂರ ಸಾಕು. ಲೋಹದ ಬ್ಲೇಡನ್ನು ಪಿಸ್ತೂಲಿನಿಂದ ಬಿಚ್ಚಿ, ಪಿಸ್ತೂಲಿನ ಗಾಳಿ ಸಿಲಿಂಡರ್ ಇರುವ ಜಾಗದಿಂದ ದೂರ ಹೋಗಿ, ಕರ್ಪೂರದ ಉರಿಯ ಹೊಗೆ ತುದಿಗೆ ಇಕ್ಕಳದಲ್ಲಿ ಹಿಡಿಯಿರಿ. ಕೆಲವೇ ಕ್ಷಣದಲ್ಲಿ ಹೊಳಪಿಲ್ಲದ ಕಡುಗಪ್ಪು ಕೂರುತ್ತದೆ. ಬೆರಳು ತಾಗಿದರೆ ಅಳಿಸುತ್ತದೆ, ಜೋಪಾನ.

ಎತ್ತರ ಮಾತ್ರ ಕುಸಿಯುತ್ತಿದ್ದರೆ ಸಿಲಿಂಡರಿನ ಗೇಜ್ ನೋಡಿ. 200 ಬಾರ್ ತುಂಬಿದ ಸಿಲಿಂಡರ್ ತಯಾರಕರು ಹೇಳಿದ ಕನಿಷ್ಠ ಒತ್ತಡಕ್ಕಿಂತ ಕೆಳಗಿಳಿದರೆ ಗಾಳಿಯ ಒತ್ತಡ ಸಮ ಇಡುವ ರೆಗ್ಯುಲೇಟರ್ ವೇಗ ಕಾಪಾಡಲಾರದು. ವೇಗ ಹತ್ತನೇ ಒಂದು ಭಾಗ ಕುಸಿದರೆ ಗುಂಡು ಇನ್ನೂ 5 ಮಿ.ಮೀ. ಕೆಳಗೆ. ಪೆಲೆಟ್ ಡಬ್ಬಿ ಬದಲಿಸಿದಾಗಲೂ, 4.49 ಮಿ.ಮೀ. ತಲೆಯ ಪೆಲೆಟ್ಟಿನಿಂದ 4.50ಕ್ಕೆ ಹೋದಾಗಲೂ ಹತ್ತು ಶಾಟ್ ಹೊಡೆದು ನೋಡಿಯೇ ಮುಂದಿನ ಮಾತು.

ಇಷ್ಟೆಲ್ಲ ಓದಿದವರು ಸ್ಕ್ರೂ ಮುಟ್ಟುವುದಕ್ಕೇ ಹೆದರಬಾರದು. ಅದು ಇನ್ನೊಂದು ತುದಿಯ ತಪ್ಪು, ಮ್ಯಾಚಿನಲ್ಲಿ ಹೆಚ್ಚು ನೋವು ಕೊಡುವುದೂ ಅದೇ. ಗ್ರೂಪ್ ಬಲಕ್ಕೆ ಕೂತಿದೆ ಎಂದು ಗೊತ್ತಿದ್ದೂ ಕ್ಲಿಕ್ ಮಾಡದೆ, ಎಡಕ್ಕೆ ಹಿಡಿದು ಹೊಡೆಯುತ್ತಾ ಹೋಗುತ್ತಾರೆ. ಎಡಕ್ಕೆ ಎಷ್ಟು ಹಿಡಿಯಬೇಕು ಅನ್ನುವ ಯೋಚನೆ ಕಣ್ಣನ್ನು ಫ್ರಂಟ್ ಸೈಟಿನಿಂದ ಟಾರ್ಗೆಟ್ಟಿಗೆ ಎಳೆಯುತ್ತದೆ, ಅಲ್ಲಿಗೆ ಸೈಟ್ ಆ 0.28 ಮಿ.ಮೀ. ಓರೆಯಾಗಿ ಅಂಕ ಹೋಯಿತು. ಮ್ಯಾಚಿನಲ್ಲಿ ತಯಾರಿಗೂ ಸೈಟರ್ ಶಾಟ್‌ಗಳಿಗೂ (ಅಂಕಕ್ಕೆ ಎಣಿಸದ ಪ್ರಯೋಗದ ಶಾಟ್) ಸೇರಿ 15 ನಿಮಿಷ ಸಿಗುತ್ತದೆ, ಆಮೇಲೆ 60 ಶಾಟಿಗೆ 75 ನಿಮಿಷ. ಆ 15 ನಿಮಿಷದಲ್ಲಿ ಮೊದಲ ಮೂರ್ನಾಲ್ಕು ಶಾಟ್ ಮೈ ಬಿಸಿಯಾಗಲಿಕ್ಕೆ, ಅವನ್ನು ಎಣಿಸಬೇಡಿ. ಮುಂದಿನ ಐದರಲ್ಲಿ ನೀವು “ಚೆನ್ನಾಗಿತ್ತು” ಅಂದುಕೊಂಡವನ್ನು ಮಾತ್ರ ನೋಡಿ. ಅವು ಒಂದೇ ಕಡೆ ಕೂತಿದ್ದರೆ, ಕಂಡ ದೂರದ ಪೂರ್ತಿ ಕ್ಲಿಕ್ ಮಾಡಿ, ಮತ್ತೆ ಐದು ಹೊಡೆದು ಖಾತ್ರಿ ಮಾಡಿಕೊಳ್ಳಿ. ಸ್ಕೋರಿಗೆ ಶುರುವಾದ ಮೇಲೂ ಗ್ರೂಪ್ ಜಾರಿದರೆ ಕ್ಲಿಕ್ ಮಾಡುವ ಹಕ್ಕು ನಿಮಗಿದೆ. ಹತ್ತು ಶಾಟಿನ ಸಾಲು ಮುಗಿದಾಗ ಒಮ್ಮೆ ತೀರ್ಮಾನ ಮಾಡಿ, ನಡುನಡುವೆ ಬೇಡ.

ಒಂದೇ ಪಿಸ್ತೂಲನ್ನು ನಾಲ್ಕೈದು ಮಕ್ಕಳು ಹಂಚಿಕೊಳ್ಳುವ ಕಡೆ ಝೀರೋ ಅನ್ನುವುದು ಪಿಸ್ತೂಲಿನದಲ್ಲ, ಪಿಸ್ತೂಲ್ ಹಿಡಿದವರದು. ಕೈ ಉದ್ದ, ಗ್ರಿಪ್ ಬಿಗಿ, ಕಣ್ಣು ಎಲ್ಲವೂ ಬೇರೆ. ಸ್ಕ್ರೂ ತಲೆಯ ಮೇಲೆ ಬಿಳಿ ಬಣ್ಣದ ಒಂದು ಗೆರೆ ಎಳೆದು ಅದನ್ನು ಎಲ್ಲರಿಗೂ ಸೇರಿದ ಗುರುತು ಮಾಡಿ. ಒಬ್ಬೊಬ್ಬರ ಪುಸ್ತಕದಲ್ಲೂ ಆ ಗುರುತಿನಿಂದ ಲೆಕ್ಕ: “ಮೇಲೆ 4, ಎಡ 3, ಬ್ಲೇಡ್ 4.5, ಪೆಲೆಟ್ 4.50, ಸಂಜೆ ಬೆಳಕು.” ಸರದಿ ಮುಗಿದ ಮೇಲೆ ಸ್ಕ್ರೂ ವಾಪಸ್ ಬಿಳಿ ಗೆರೆಗೆ. ಮುಂದಿನ ಹುಡುಗಿ ತನ್ನ ಲೆಕ್ಕ ಹಾಕಿಕೊಂಡು ಶುರು ಮಾಡುತ್ತಾಳೆ.

ನಲವತ್ತು ದಾಟಿದವರಿಗೆ ಫ್ರಂಟ್ ಸೈಟ್ ಮಸುಕಾದರೆ ಯಾವ ಸ್ಕ್ರೂ ತಿರುಗಿಸಿದರೂ ಪ್ರಯೋಜನವಿಲ್ಲ. ದೂರದ ನಂಬರಿಗೆ +0.5 ಅಥವಾ +0.75 ಸೇರಿಸಿದ ಗಾಜು ಕೇಳಿ ನೋಡಿ. ಪಿಸ್ತೂಲ್ ತೋರಿಸುವುದು ಬೇಡ, “1 ಮೀಟರ್ ದೂರದ್ದು ಚೂಪಾಗಿ ಕಾಣ್ಬೇಕು” ಅಂದರೆ ಕಣ್ಣಿನ ಡಾಕ್ಟರಿಗೆ ಅರ್ಥವಾಗುತ್ತದೆ.

ಬೆಂಗಳೂರಿಗೆ ಮ್ಯಾಚಿಗೆ ಹೊರಡುವ ಮುನ್ನ ಫ್ರಂಟ್ ಸೈಟ್ ಮತ್ತು ಗ್ರಿಪ್ ಸ್ಕ್ರೂಗಳನ್ನು ಅಲೆನ್ ಕೀಯಿಂದ ಒಮ್ಮೆ ಬಿಗಿ ನೋಡಿ, ಜೋರು ಮಾಡಬೇಡಿ. ಪೆಟ್ಟಿಗೆಯ ಸ್ಪಂಜು ರಿಯರ್ ಸೈಟಿನ ಸ್ಕ್ರೂಗೆ ಒತ್ತುತ್ತಿದ್ದರೆ ಆ ಜಾಗ ಕತ್ತರಿಸಿ ತೆಗೆಯಿರಿ. ಬಸ್ಸಿನ ಕುಲುಕಾಟಕ್ಕೆ ಒಂದೆರಡು ಕ್ಲಿಕ್ ತಿರುಗುವುದು ಉಂಟು. ರೇಂಜಿನಲ್ಲಿ ಪೆಟ್ಟಿಗೆ ತೆರೆದಾಗ ಮೊದಲು ಬಿಳಿ ಗೆರೆಯನ್ನು ಪುಸ್ತಕದ ಲೆಕ್ಕಕ್ಕೆ ತಾಳೆ ನೋಡಿ, ಆಮೇಲೆ ಸಿಲಿಂಡರ್ ಹಾಕಿ.